ಫೂಲ ಇಲ್ಲದ ಕೋಟು

ಇಸ್ತ್ರಿಯ ಬಿಸಿಗೆ ಹೊಸ ಬಟ್ಟೆಯ ಗಂಜಿ ವಾಸನೆ ಎದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಇವತ್ತು ಬೆಳಿಗ್ಗೆ ದುಬೈನ ಊದ್ ಮೇಥಾದ ನಮ್ಮ ಫ್ಲ್ಯಾಟಿನಲ್ಲಿ ಮಗಳು ಜೂಲಿ ತನ್ನ ಹೊಸ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ನಾನು ಸೂಜಿ ಹುಡುಕತೊಡಗಿದೆ. ಎಲ್ಲಕ್ಕೂ ಕಾರಣ ಆ ಕೋಟು. ಹೇಳುತ್ತೇನೆ, ಕೂತುಕೊಳ್ಳಿ.

ನಾವು ಹಳಿಯಾಳದ ಕಡೆಯ ಸಿದ್ದಿಗಳು. ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರಂತೆ. ಯಾವ ಊರಿಂದ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಕಟ್ಟಿಗೆ ಹೊರುವುದೇನೂ ತಪ್ಪುತ್ತಿರಲಿಲ್ಲ. ದುಬೈಗೆ ಬಂದ ಹೊಸದರಲ್ಲಿ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕೀನ್ಯಾವೋ, ಘಾನಾವೋ ಎಂದು ಕೇಳುವರು. ಹಳಿಯಾಳ ಎಂದರೆ, ಅದು ಆಫ್ರಿಕಾದ ಯಾವ ಭಾಗ ಎನ್ನುವರು. ಕೊನೆಗೆ ಬಾಯಿ ಮುಚ್ಚಿಕೊಂಡು ಇಳಿಯುವುದನ್ನು ಕಲಿತೆ.

ಜೂಲಿ ಕೆಲಸ ಮಾಡುವುದು ಅಮಾ ಎಂಬ ಘಾನಾದ ಹೆಂಗಸಿನ ಉಡುಪಿನ ಕಂಪನಿಯಲ್ಲಿ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅದರ ಹೊಲಿಗೆ ಶೆಡ್ಡು. ಆಫ್ರಿಕಾದ ಜನ ಎಲ್ಲೆಲ್ಲಿ ಹೋಗಿ ನೆಲೆಸಿದ್ದಾರೋ ಅಲ್ಲಲ್ಲಿಯ ಕೈಕೆಲಸ ಹುಡುಕಿ ಬಟ್ಟೆ ಮಾಡುವುದು ಅಮಾಳ ಹುಚ್ಚು. ಒಮ್ಮೆ ಮನೆಗೆ ಬಂದವಳು ಮಂಚದ ಮೇಲಿದ್ದ, ಹಳೇ ಬಟ್ಟೆ ತುಂಡು ಕೂಡಿಸಿ ಹೊಲಿದ ನನ್ನ ಕೌದಿ ನೋಡಿದ್ದೇ ತಡ, ತನ್ನ ಉಡುಪಿನ ಪ್ರದರ್ಶನದ ಕೊನೆಯ ಕೋಟಿನ ಬೆನ್ನಿನ ತುಂಡನ್ನು ನನಗೇ ಒಪ್ಪಿಸಿದಳು. ಊರಿನಲ್ಲಿ ಹೊಲಿದ ಹಾಗೇ ಹೊಲಿಯಬೇಕಂತೆ.

ಹಾಗೇ ಹೊಲಿದೆ. ಕೌದಿಯನ್ನು ನಾವು ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತೇವೆ. ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಮೂರು ಮೂಲೆಯ ಫೂಲ, ಅಂದರೆ ಹೂವು, ಕೂರಿಸುತ್ತೇವೆ. ಫೂಲ ಇಲ್ಲದ ಕೌದಿ ಬತ್ತಲೆ.

ಪ್ರದರ್ಶನದ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಭಟ್ಕಳದ ಕಟಿಂಗ್ ಮಾಸ್ಟರ್ ನಾನು ಹೊಲಿದ ತುಂಡನ್ನು ಎತ್ತಿ ಹಿಡಿದು ಹಣೆ ಚಚ್ಚಿಕೊಂಡ.

"ಅಜ್ಜೀ, ಇದು ಕೋಟಿನ ಬೆನ್ನು, ಹಾಸಿಗೆ ಅಲ್ಲ. ಹೆಗಲಿನ ಮೇಲೆ ಫೂಲ ಕೂತ್ರೆ ತೋಳು ಎಲ್ಲಿ ಕೂಡಿಸೂದು? ಕತ್ತರಿಸ್ತೇನೆ."

"ಕತ್ತರಿ ಕೆಳಗಿಡು."

"ಮಾಯ್, ಸಂಜಿಗೆ ಶೋ ಐತಿ. ನನ್ನ ಕೆಲಸ ಹೋಗತೈತಿ," ಎಂದಳು ಜೂಲಿ.

"ಹೋದ್ರ ಬ್ಯಾರೆ ಸಿಗತೈತಿ. ಬತ್ತಲೆ ಕಳಸಂಗಿಲ್ಲ."

ಗಲಾಟೆಗೆ ಅಮಾ ಓಡಿಬಂದಳು. ಏಕೆ ಎಂದಳು. ಬಟ್ಟೆಯ ತುದಿ ಎಲ್ಲಿ ಬಂತೋ ಅಲ್ಲಿ ಫೂಲ ಬೇಕು ಎಂದೆ. ಜೂಲಿ ಇಂಗ್ಲಿಷಿನಲ್ಲಿ ಹೇಳಿದಳು. ಮಾಸ್ಟರ್ ಬಿಡಲಿಲ್ಲ. ತೋಳಿನ ತುಂಡು ತಂದು ಹೆಗಲಿಗೆ ಹಿಡಿದ.

"ನೋಡಿ ಅಜ್ಜಿ, ಇಲ್ಲಿ ತುದಿ ಎಲ್ಲುಂಟು? ತೋಳು ಬಂದ ಮೇಲೆ ಬಟ್ಟೆ ಮುಂದೆ ಹೋಗ್ತದೆ."

ನೋಡಿದೆ. ಹೋಗುತ್ತದೆ, ಹೌದು.

"ಹಂಗಾದ್ರ ಫೂಲನೂ ಮುಂದ ಹೋಗಲಿ," ಎಂದೆ.

ಆಮೇಲೆ ಉಸಿರಾಡಲು ಪುರುಸೊತ್ತಿಲ್ಲ. ಹೆಗಲಿನ ಎರಡು ಫೂಲ ನಾನೇ ಬಿಚ್ಚಿದೆ. ಮಾಸ್ಟರ್ "ಯಲ್ಲಾ, ಯಲ್ಲಾ" ಎಂದು ಅರಬ್ಬಿಯಲ್ಲಿ ಅವಸರಿಸುತ್ತ ಮಷೀನಿನಲ್ಲಿ ತೋಳು ಕೂಡಿಸಿದ. ನನಗೆ ಕಣ್ಣು ಮಂಜು. ಅಮಾ ನೆಲದ ಮೇಲೆ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟಳು. ಪ್ರದರ್ಶನ ಅಬುಧಾಬಿಯಲ್ಲಿ. ಎರಡನೇ ತೋಳಿನ ತುದಿಗೆ ಕಾರಿನಲ್ಲೇ ಫೂಲ ಹಾಕಿದೆ. ಬೆರಳಿಗೆ ಚುಚ್ಚಿ ರಕ್ತ ಬಂತು. ಬಟ್ಟೆ ಕೆಂಪೇ ಇತ್ತು, ಯಾರಿಗೂ ತಿಳಿಯಲಿಲ್ಲ.

ಕೋಟು ತೊಟ್ಟ ಹುಡುಗಿ ನಗಲೇ ಇಲ್ಲ. ಉಂಡಿರಲಿಲ್ಲವೋ ಏನೋ. ಆದರೆ ಕೊನೆಗೆ ಬಂದು ನಿಂತು ಎರಡೂ ಕೈ ಚಾಚಿದಾಗ ತೋಳಿನ ತುದಿಯ ಎರಡು ಫೂಲ ಬೆಳಕಿಗೆ ಬಂದವು. ಕೂತ ಜನ ಎದ್ದರು. ನನ್ನ ಎದೆ ನಮ್ಮೂರ ಹಬ್ಬದ ಡಮಾಮಿ ವಾದ್ಯದ ಹಾಗೆ ಬಡಿಯಿತು. ಪಕ್ಕದಲ್ಲಿ ಮಾಸ್ಟರ್, "ತೋಳು ಕೂಡಿಸಿದ್ದು ನಾನು," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಅದನ್ನೆಲ್ಲ ನೆನೆಯುವಷ್ಟರಲ್ಲಿ ಸೂಜಿ ಸಿಕ್ಕಿತು.

"ಹೊತ್ತಾತು ಮಾಯ್," ಎಂದಳು ಜೂಲಿ.

"ತೋಳು ಕೊಡ."

ಕೊಟ್ಟಳು. ಅಂಗಿಯ ತೋಳಿನ ತುದಿಗೆ ಫೂಲ ಹಾಕಿ, ಅವಳು ಅದನ್ನು ತೊಟ್ಟ ಮೇಲೆಯೇ ಇಬ್ಬರೂ ಕೆಳಗೆ ಹೊರಟೆವು. ಲಿಫ್ಟಿನಲ್ಲಿ ಒಬ್ಬ ಹುಡುಗಿ, ಯಾವ ದೇಶ ಎಂದಳು. ಜೂಲಿಯ ಕೈ ಹಿಡಿದೆಳೆದು ಅವಳ ಮುಂದೆ ಹಿಡಿದೆ.

"ಹಳಿಯಾಳ," ಎಂದೆ. "ಮುಟ್ಟಿ ನೋಡು."

ಕನ್ನಡ ಬಾರದ ಆ ಹುಡುಗಿ ಮುಟ್ಟಿ ನೋಡಿದಳು.