ಅಗಾತಾ ಟೀಚರ್ ಕೆಸರಿಗಿಳಿದ ಶುಕ್ರವಾರ

ದೋಹಾದ ಭಾರತೀಯ ಶಾಲೆಯೊಂದರಲ್ಲಿ ಅಗಾತಾ ಟೀಚರ್ ಎಂದರೆ ಗಣಿತ, ಗಣಿತ ಎಂದರೆ ನಡುಕ. ಕರಾವಳಿಯ ಕಲ್ಯಾಣಪುರದಿಂದ ಬಂದು ಒಂಬತ್ತು ವರ್ಷವಾಗಿತ್ತು; ಅವರ ಸೀರೆಯ ನೆರಿಗೆ ಒಂದು ದಿನವೂ ಕದಲಿದ್ದನ್ನು ಯಾರೂ ಕಂಡವರಿಲ್ಲ. ಗುರುವಾರ ಮಧ್ಯಾಹ್ನ ಶಾಲೆ ಬಿಟ್ಟಿತೆಂದರೆ ಮಾತ್ರ ಟೀಚರ್ ಬೇರೆಯೇ ಹೆಂಗಸು. ಕಿರಿಯ ಸಹೋದ್ಯೋಗಿ ಜಾನಿಸ್‌ಳನ್ನು ಜೊತೆಗೆ ಹಾಕಿಕೊಂಡು ಸೀದಾ ಕಡಲಂಚಿನ ಊರು ಅಲ್ ಖೋರ್‌ಗೆ, ಗೆಳತಿ ಝುಲೈಖಾಳ ಮನೆಗೆ. ಅಲ್ಲಿ ಶುಕ್ರವಾರ ಸಂಜೆಯವರೆಗೆ ತಿನ್ನುವುದು, ಮಲಗುವುದು, ಊರಿನವರ ಸುದ್ದಿ ಆಡುವುದು, ಮತ್ತೆ ತಿನ್ನುವುದು.

ಅಷ್ಟೆಲ್ಲ ಸಲಿಗೆಯಿದ್ದರೂ ಟೀಚರ್ ಒಂದು ಸುಳ್ಳನ್ನು ಜೋಪಾನವಾಗಿ ಸಾಕಿಕೊಂಡಿದ್ದರು. ಬಂದ ಹೊಸತರಲ್ಲಿ ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದಾಗ "ನನ್ನ ತಾಯಿಯೂ ಟೀಚರ್" ಎಂದುಬಿಟ್ಟಿದ್ದರು. ತಾಯಿಯೋ, ಮಗಳು ಕಲಿಸುವ ಶಾಲೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಪ್ರತಿ ಪತ್ರದಲ್ಲೂ ಮಗನ ಕೈಯಿಂದ ಬರೆಸುತ್ತಿದ್ದರು. ಅವರು ಬಂದು ಬಾಯಿಬಿಟ್ಟರೆ ಗುಟ್ಟು ರಟ್ಟಾಗುತ್ತದಲ್ಲ! "ಇಲ್ಲಿ ಭಾರೀ ಸೆಕೆ ಅಮ್ಮಾ, ಮುಂದಿನ ವರ್ಷ ನೋಡುವ" ಎಂದು ಟೀಚರ್ ದೂಡುತ್ತಲೇ ಇದ್ದರು. ತಾಯಿಗೆ ಎಪ್ಪತ್ತೈದಾಗಿತ್ತು. ಥೂ, ಎಂಥ ಮಗಳು ನಾನು ಎಂದು ತಮ್ಮನ್ನು ತಾವೇ ಬೈದುಕೊಳ್ಳುವುದೂ ಇತ್ತು.

ತೊಂಬತ್ತೇಳರ ಫೆಬ್ರವರಿಯ ಒಂದು ಶುಕ್ರವಾರ. ಝುಲೈಖಾಳ ತಾಯಿ ಆಯಿಷಮ್ಮ ಉಳ್ಳಾಲದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಬಂದಂದಿನಿಂದ ಇಲ್ಲಿಯ ಊಟ ಅವರ ಗಂಟಲಲ್ಲಿ ಇಳಿಯದು. "ಇಷ್ಟು ದೊಡ್ಡ ಸಮುದ್ರ ಉಂಟು, ಒಂದು ಮರುವಾಯಿ ಇಲ್ವಾ ಮಾರಾಯ್ತಿ?" ಎಂದು ಬೆಳಿಗ್ಗೆಯೇ ಶುರು. ಚಿಪ್ಪಿನೊಳಗಿನ ಆ ಮಾಂಸಕ್ಕೆ ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದರೆ ಕರಾವಳಿಯವರಿಗೆ ಮತ್ತೇನೂ ಬೇಡ. ಸಮುದ್ರದ ನೀರಿಳಿದ ಹೊತ್ತು ನೋಡಿ ನಾಲ್ವರೂ ಬಕೆಟ್ ಹಿಡಿದು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬಳಿಯ ಕೆಸರಿಗೆ ಹೊರಟರು.

ಝುಲೈಖಾ, ಜಾನಿಸ್ ಸ್ಟೀಲ್ ಸೌಟಿನಿಂದ ಕಂಡಕಂಡಲ್ಲಿ ಅಗೆದರು. ಸಿಕ್ಕಿದ್ದು ಎರಡು ಖಾಲಿ ಚಿಪ್ಪು, ಮೈತುಂಬ ಕೆಸರು. ಅಷ್ಟರಲ್ಲಿ ನೀರು ಮತ್ತೆ ಏರತೊಡಗಿತು.

"ಖಲಾಸ್, ನಡೀರಿ ಇನ್ನು," ಎಂದಳು ಝುಲೈಖಾ.

ಆಯಿಷಮ್ಮನ ಮುಖ ಬಾಡಿತು. "ಹೋಗ್ಲಿ ಬಿಡು, ಊರಿಗೆ ಹೋಗಿ ತಿಂತೇನೆ."

ಚಪ್ಪಲಿ ಹಾಕಿಕೊಂಡೇ ದಡದಲ್ಲಿ ನಿಂತಿದ್ದ ಟೀಚರಿಗೆ ಕಸಿವಿಸಿ. ಅವರಿಗೆ ಎಲ್ಲ ಕಾಣುತ್ತಿತ್ತು. ಕೆಸರಿನ ಮೇಲೆ ಅಕ್ಕಪಕ್ಕ ಎರಡೆರಡು ಸಣ್ಣ ತೂತು, ಅದರಡಿಯಲ್ಲೇ ಮರುವಾಯಿ. ಆದರೆ ಇಳಿದರೆ ಒಂಬತ್ತು ವರ್ಷದ ಮರ್ಯಾದೆ ಕೆಸರುಪಾಲು. ಈ ತಾಯಿ ಇಲ್ಲಿ ಮಗಳ ಪಕ್ಕ ನಿಂತಿದ್ದಾರೆ, ನನ್ನ ತಾಯಿಯನ್ನು ನಾನೇ ಅಲ್ಲಿ ತಡೆದಿಟ್ಟಿದ್ದೇನೆ ಎಂದು ಥಟ್ಟನೆ ಹೊಳೆದು ಅವರ ಕಣ್ಣು ಉರಿಯಿತು.

ಟೀಚರ್ ಚಪ್ಪಲಿ ಬಿಟ್ಟರು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. "ಆ ಸೌಟು ಬಿಸಾಡು ಜಾನಿಸ್. ಮರುವಾಯಿ ಹುಡುಕುವುದು ಕಾಲಲ್ಲಿ."

ಹಿಮ್ಮಡಿಯನ್ನು ಕೆಸರಿಗೊತ್ತಿ ಮೆಲ್ಲಗೆ ತಿರುಗಿಸಿದರು; ಅಂಗಾಲಿಗೆ ಗಟ್ಟಿ ತಾಗಿದ್ದೇ ಬಗ್ಗಿ ಎತ್ತಿದರು. ಒಂದು, ಎರಡು, ಹತ್ತು. ಕಾಲು ಏನನ್ನೂ ಮರೆತಿರಲಿಲ್ಲ. ನೀರು ಮೊಣಕಾಲಿಗೆ ಬರುವಷ್ಟರಲ್ಲಿ ಬಕೆಟ್ ತುಂಬಿತು.

"ಅಬ್ಬಾ ಟೀಚರ್! ಇದೆಲ್ಲ ಯಾರು ಕಲಿಸಿದ್ದು?" ಜಾನಿಸ್ ಕಣ್ಣರಳಿಸಿದಳು.

"ನನ್ನ ಅಮ್ಮ. ಅವರು ಟೀಚರ್ ಅಲ್ಲ, ನಾನು ಹೇಳಿದ್ದು ಸುಳ್ಳು. ಸ್ವರ್ಣಾ ಹೊಳೆಯಲ್ಲಿ ಮರುವಾಯಿ ಹೆಕ್ಕಿ, ಬುಟ್ಟಿ ಹೊತ್ತು ಮಾರಿ, ನನಗೆ ಬಿ.ಎಡ್. ಮಾಡಿಸಿದವರು."

ಯಾರೂ ನಗಲಿಲ್ಲ. ಆಯಿಷಮ್ಮ ಟೀಚರ ಕೆಸರುಗೈಯನ್ನೇ ಹಿಡಿದುಕೊಂಡು ಗದರಿದರು: "ಅಂಥ ಅಮ್ಮನನ್ನು ಅಡಗಿಸಿಡ್ತಾರಾ ಮಗಳೇ?"

ಆ ಮಧ್ಯಾಹ್ನ ಆಯಿಷಮ್ಮ ಮೂರು ಸಲ ಬಡಿಸಿಕೊಂಡರು.

ಶನಿವಾರ ಬೆಳಿಗ್ಗೆ ಟೀಚರ್ ಮೊದಲು ಹೋದದ್ದು ಶಾಲೆಯ ಆಫೀಸಿಗೆ. ವಿಸಿಟ್ ವೀಸಾದ ಫಾರ್ಮ್ ತುಂಬುತ್ತಿದ್ದ ಕ್ಲಾರ್ಕ್ ಆಲ್ಬರ್ಟ್ ಉದ್ಯೋಗದ ಕಾಲಮಿಗೆ ಬಂದು ಪೆನ್ನು ನಿಲ್ಲಿಸಿದ.

"ತಾಯಿದು ಎಂತ ಬರೀಲಿ ಟೀಚರ್? ಹೌಸ್‌ವೈಫ್?"

ಪಕ್ಕದ ಸ್ಟಾಫ್ ರೂಮಿನ ಬಾಗಿಲು ಹಾರುಹೊಡೆದಿತ್ತು, ಒಳಗೆ ಎಲ್ಲರೂ ಇದ್ದರು. ಟೀಚರ್ ಕೊನೆಯ ಬೆಂಚಿಗೆ ಕೇಳಿಸುವ ಗಂಟಲಲ್ಲೇ ಹೇಳಿದರು:

"ಎಂತ ಹೌಸ್‌ವೈಫ್? ಮರುವಾಯಿ ಹೆಕ್ಕಿ ಮಾರುವವರು. ದೊಡ್ಡ ಅಕ್ಷರದಲ್ಲಿ ಬರೆ."