ಬಣ್ಣದ ಕಸವಲ್ಲ, ಚಿನ್ನ

ಬೆಳಗಿನ ಆರು ಗಂಟೆ. ಸಂಶೋಧನಾಲಯದ ಮೊದಲ ಮಹಡಿಯಲ್ಲಿ ದೀಪ ಹತ್ತಿರುವುದು ಒಂದೇ ಕೋಣೆಯಲ್ಲಿ. ಕಿಟಕಿ ಮುಚ್ಚಿದೆ, ಫ್ಯಾನು ನಿಂತಿದೆ. ಗಾಳಿ ಆಡಿದರೆ ಕೆಲಸ ಕೆಟ್ಟಿತು. ಮಂಜುಗಡ್ಡೆಯ ಮೇಲೆ ತಣ್ಣಗಾದ ಮೇಣದ ಬಿಲ್ಲೆಯೊಂದನ್ನು ಯಂತ್ರಕ್ಕೆ ಸಿಕ್ಕಿಸಿ ಮಹಿಳೆಯೊಬ್ಬರು ಹಿಡಿ ತಿರುಗಿಸುತ್ತಾರೆ. ಅಲಗಿನ ತುದಿಯಿಂದ ತೆಳ್ಳನೆಯ ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿಯುತ್ತವೆ. ಅವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಪಟ್ಟಿಯ ಮೇಲೆ ಹಿಡಿದುಕೊಳ್ಳುವವರೆಗೂ ಆಕೆ ಉಸಿರು ಬಿಡುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹ್ಞಾಂ, ಈಗ ಮಾತಾಡಿ" ಅನ್ನುತ್ತಾರೆ.

ಮೇಣದೊಳಗೆ ಇರುವುದು ಇಲಿಯ ಲಿವರಿನ ಚೂರು. ಪದರದ ದಪ್ಪ ತಲೆಗೂದಲಿನ ಇಪ್ಪತ್ತರಲ್ಲಿ ಒಂದು ಪಾಲು. ದಿನಕ್ಕೆ ಅರವತ್ತು ಬಿಲ್ಲೆ, ಬಿಲ್ಲೆಗೆ ಮೂರು ಪದರ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಆಕೆ ಇಲ್ಲಿ ಎಲ್ಲರಿಗೂ 'ಮೇಣದಕ್ಕ'. ಬಂದದ್ದು ಗಾಜಿನ ಪಾತ್ರೆ ತೊಳೆಯಲು. ಪದರ ಕೊಯ್ಯುತ್ತಿದ್ದ ಹಿರಿಯರ ಕೈ ನಡುಗತೊಡಗಿದಾಗ ಅವರೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಎಡಗೈಯ ಎರಡು ಬೆರಳಲ್ಲಿ ಅಲಗು ಬಿಟ್ಟುಹೋದ ಗುರುತಿದೆ. ಮಣಿಕಟ್ಟಿಗೆ ಸದಾ ಬಟ್ಟೆಯ ಪಟ್ಟಿ. "ಮನೇಲಿ ಈರುಳ್ಳಿ ಹೆಚ್ಚೋದು ಯಜಮಾನ್ರೇ. ನೀನು ಹೆಚ್ಚಿದ್ರೆ ಒಲೆ ಹತ್ತಿಸೋಕೆ ಮುಂಚೆನೇ ಕರಗಿಹೋಗತ್ತೆ ಅಂತಾರೆ" ಎಂದು ನಗುತ್ತಾರೆ.

ಇಲ್ಲಿ ನಡೆಯುತ್ತಿರುವುದು ಚಿನ್ನದ ಅತಿಸೂಕ್ಷ್ಮ ಕಣಗಳ ಪರೀಕ್ಷೆ. ರಕ್ತಕ್ಕೆ ಸೇರಿಸಿದ ಕಣಗಳು ಕ್ಯಾನ್ಸರ್ ಗೆಡ್ಡೆಯಲ್ಲಿ ಕೂಡಿಕೊಂಡಾಗ ಹೊರಗಿನಿಂದ ಬೆಳಕು ಹಾಯಿಸಿದರೆ, ಕಣ ಕಾದು ಗೆಡ್ಡೆಯನ್ನು ಸುಡುತ್ತದೆ. ಗೆಡ್ಡೆ ಸುಡುವುದು ಸರಿ. ಮಿಕ್ಕ ಚಿನ್ನ ಮೈಯಲ್ಲಿ ಎಲ್ಲಿಗೆ ಹೋಗುತ್ತದೆ? ಅದನ್ನು ತಿಳಿಯಲೆಂದೇ ಮೇಣದಕ್ಕನ ಪದರಗಳು.

ಮೂರು ವರ್ಷದ ಹಿಂದೆ, ಒಂದು ತಿಂಗಳ ಪರೀಕ್ಷೆ ಮುಗಿದು 'ತೊಂದರೆ ಇಲ್ಲ' ಎಂಬ ವರದಿ ಸಿದ್ಧವಾಗುತ್ತಿತ್ತು. ಜೀವಕೋಶ ಎದ್ದು ಕಾಣಲೆಂದು ಪದರಕ್ಕೆ ಹಾಕಿದ ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಆಕೆಗೆ ಲಿವರಿನ ಪದರದಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಮುಖ್ಯ ವಿಜ್ಞಾನಿ ಒಮ್ಮೆ ಇಣುಕಿ, "ಬಣ್ಣದ ಕಸ ಇರ್ಬೇಕು" ಎಂದು ಹೊರಟುಬಿಡುತ್ತಾರೆ.

"ಮೈಯೆಲ್ಲಾ ಉರಿದುಹೋಯ್ತು ನೋಡಿ. ನನ್ನ ಬಣ್ಣದಲ್ಲಿ ಕಸನಾ? ದಿನಾ ಎರಡು ಸಲ ಸೋಸ್ತೀನಿ" ಎನ್ನುವಾಗ ಆಕೆಯ ದನಿ ಈಗಲೂ ಏರುತ್ತದೆ. ಅಂದು ಆಕೆ ನೇರ ಯಂತ್ರದ ಮುಂದೆ ಹೋಗಿ ಕೂತರು. ಚಿನ್ನ ಕೊಟ್ಟ ಇಲಿಗಳ ಪದರ, ಕೊಡದ ಇಲಿಗಳ ಪದರ, ಎರಡನ್ನೂ ಹೊಸದಾಗಿ ಕೊಯ್ದು ಬಣ್ಣದ ಒಂದೇ ಜಾಡಿಯಲ್ಲಿ ಅದ್ದಿದರು. ಮೂರು ದಿನ, ನೂರಿಪ್ಪತ್ತು ಗಾಜಿನ ಪಟ್ಟಿ. ಚುಕ್ಕೆ ಬಂದದ್ದು ಚಿನ್ನ ಕೊಟ್ಟ ಇಲಿಗಳಲ್ಲಿ ಮಾತ್ರ. ಒಂದೊಂದು ಕಣ ಆ ಸೂಕ್ಷ್ಮದರ್ಶಕಕ್ಕೆ ಕಾಣುವಂಥದ್ದಲ್ಲ. ಜೀವಕೋಶದೊಳಗೆ ಗುಂಪುಗಟ್ಟಿ ಕೂತದ್ದರಿಂದ ಕಂಡಿದೆ. ಪಟ್ಟಿಗಳ ತಟ್ಟೆ ಹಿಡಿದು ವಿಜ್ಞಾನಿಯ ಕೋಣೆಗೆ ಹೋಗಿ, "ಸರ್, ಕಸ ಆದ್ರೆ ಎರಡರಲ್ಲೂ ಇರ್ಬೇಕಿತ್ತು" ಎಂದರು. ವಿಜ್ಞಾನಿ ಒಂದು ಗಂಟೆ ನೋಡಿದರು. ಆಮೇಲೆ ವರದಿಯನ್ನು ಹಿಂದಕ್ಕೆ ತೆಗೆದುಕೊಂಡರು.

ಈ ಪಟ್ಟು ಸುಲಭದ್ದಾಗಿರಲಿಲ್ಲ. ಆಗ ಆಕೆಯ ಸ್ವಂತ ಅಕ್ಕನಿಗೆ ಗಂಟಲಲ್ಲಿ ಗೆಡ್ಡೆ. ಚಿನ್ನದ ಚುಚ್ಚುಮದ್ದು ಮನುಷ್ಯರಿಗೆ ಬಂದರೆ ಮೊದಲ ಸುತ್ತಿನಲ್ಲೇ ಸೇರಿಸೋಣ ಎಂದು ಅಕ್ಕನ ವೈದ್ಯರು ಹೇಳಿದ್ದರು. ವರದಿ ನಿಂತಿತು, ಪರೀಕ್ಷೆ ಆರು ತಿಂಗಳಿಗೆ ಬೆಳೆಯಿತು. ಗೆಡ್ಡೆ ಅಷ್ಟು ದಿನ ಕಾಯುತ್ತದೆಯೇ? ಅಕ್ಕನಿಗೆ ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು, ದನಿ ಹೋಯಿತು.

"ಆಸ್ಪತ್ರೆ ಮಂಚದ ಪಕ್ಕ ಕೂತು ಎಲ್ಲಾ ಹೇಳ್ಬಿಟ್ಟೆ. ತಡ ಆಗಿದ್ದು ನನ್ನಿಂದಲೇ ಅಕ್ಕಾ ಅಂತ. ಅವಳು ಗೋಡೆ ಕಡೆ ತಿರುಗಿ ಮಲಗಿದ್ಲು. ಎರಡು ದಿನ ನನ್ನ ಮುಖ ನೋಡ್ಲಿಲ್ಲ. ಮೂರನೇ ದಿನ ಚೀಟಿ ಕೇಳಿ ಬರೆದ್ಲು: 'ಗೊತ್ತಿದ್ದೂ ನನಗೆ ಚುಚ್ಚೋಕೆ ಬಿಡ್ತಿದ್ಯಾ?' ಅಂತ. ಇಲ್ಲ ಅಂತ ತಲೆ ಆಡಿಸ್ದೆ. 'ಹಾಗಾದ್ರೆ ಬೇರೆಯವರಿಗೆ ಯಾಕೆ ಬಿಡ್ಬೇಕು?' ಅಂತ ಬರೆದು ಪೆನ್ನು ಬಿಸಾಕಿದ್ಲು." ಮೇಣದಕ್ಕ ಹೊಸ ಬಿಲ್ಲೆಯೊಂದನ್ನು ಯಂತ್ರಕ್ಕೆ ಸಿಕ್ಕಿಸುತ್ತಾರೆ. ಮತ್ತೆ ಹಿಡಿ ತಿರುಗುತ್ತದೆ.

ಆರು ತಿಂಗಳಾದ ಮೇಲೂ ಲಿವರಿನಲ್ಲಿ ಚಿನ್ನ ಉಳಿದೇ ಇತ್ತು. ಕೆಲವು ಇಲಿಗಳಲ್ಲಿ ಸುತ್ತಲಿನ ಜೀವಕೋಶ ಊದಿಕೊಂಡಿತ್ತು. ವಿಜ್ಞಾನಿಗಳು ಕಣದ ಮೇಲಿನ ಲೇಪ ಬದಲಿಸಿದರು, ಪ್ರಮಾಣ ಇಳಿಸಿದರು. ಈಗ ಚುಕ್ಕೆ ಕಡಿಮೆ, ಊತ ಇಲ್ಲ. "ಪೂರ್ತಿ ಹೋಗಿದೆ ಅಂತ ನಾನಂತೂ ಹೇಳಲ್ಲ. ಹೋಗಿಲ್ಲ" ಎನ್ನುತ್ತಾರೆ ಆಕೆ, ಖಡಾಖಂಡಿತವಾಗಿ. ಮನುಷ್ಯರ ಮೇಲಿನ ಪರೀಕ್ಷೆಗೆ ಅನುಮತಿ ಕೇಳುವ ಕಡತ ಮತ್ತೆ ಸಿದ್ಧವಾಗುತ್ತಿದೆ. ಈ ಸಲ ಒಂದೊಂದು ಗಾಜಿನ ಪಟ್ಟಿಯನ್ನೂ ಆಕೆ ಒಪ್ಪಿದ ಮೇಲೇ ವಿಜ್ಞಾನಿ ಮುಟ್ಟುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪದರ ಎತ್ತುವ ಒದ್ದೆ ಕುಂಚ ಒರೆಸುತ್ತಾ ಯೋಚಿಸುತ್ತಾರೆ.

"ಔಷಧಿ ಡಬ್ಬಿಯೊಳಗೆ ಮಡಚಿದ ಕಾಗದ ಇರತ್ತಲ್ಲ, ಇರುವೆ ಸಾಲಿನ ಹಾಗೆ ಅಕ್ಷರ, ಯಾರೂ ಓದೋದೇ ಇಲ್ಲ... ಅದರಲ್ಲಿ 'ಸ್ವಲ್ಪ ಚಿನ್ನ ಲಿವರಿನಲ್ಲಿ ಉಳಿಯಬಹುದು' ಅಂತ ಒಂದು ಸಾಲು ಬರ್ಬೇಕು. ನನ್ನ ಹೆಸರೇನೂ ಬೇಡಪ್ಪ. ಆ ಸಾಲು ನಂದು ಅಂತ ನಂಗೆ ಗೊತ್ತಿರತ್ತೆ."