ಅಕ್ಕ ಹೊತ್ತ ಮೀನಿನ ನೀರು

“ನಿಮ್ಮ ಮನೆ ಹೆಣ್ಣಿಗೆ ಒಂದು ತೊಟ್ಟಿ ನೀರು ಚೊಕ್ಕವಾಗಿಡೋಕೆ ಬರಲ್ಲ” ಎಂದು ನನ್ನ ಭಾವ ಗಿರಾಕಿಯ ಎದುರಿಗೇ ನನ್ನ ಕಡೆ ತಿರುಗಿ ಆಡಿದ ಮಾತು ನನಗೆ ಇವತ್ತಿಗೂ ಅರಗಿಲ್ಲ. ಅಳತೆ ಕೊಡಲು ನಿಂತಿದ್ದ ಆ ಪುಣ್ಯಾತ್ಮ ಹಲ್ಲು ಬಿಟ್ಟ. ಅಕ್ಕ ಬಕೆಟ್ ಎತ್ತಿಕೊಂಡು ಮೆಟ್ಟಿಲಿಳಿದಳು.

ಭಾವ ದರ್ಜಿ. ಎರಡನೇ ಮಹಡಿಯ ಮನೆಯಲ್ಲಿ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ತಾಗಿ ಹೊಲಿಗೆ ಮೆಷಿನ್, ಪಕ್ಕದ ಮೇಜಿನ ಮೇಲೆ ಮೀನಿನ ಗಾಜಿನ ತೊಟ್ಟಿ. ಮನೆ ಖಾಲಿ ಮಾಡಿ ಹೋದ ಪಕ್ಕದವರು ಬಿಟ್ಟುಕೊಟ್ಟದ್ದು. ಭಾವ ಅದನ್ನು ಬಹಳ ಹಚ್ಚಿಕೊಂಡರು. ದಾರ ಮುಗಿದರೆ ಮೀನು ನೋಡುವುದು, ಗುಂಡಿ ಬಿದ್ದರೆ ಮೀನು ನೋಡುವುದು.

ಆ ವರ್ಷ ಬೆಳಗಾದರೆ ಅವರದು ಒಂದೇ ರಾಗ. “ನೀರು ಮಸುಕಾಗಿದೆ ಕಣೇ, ಬದಲಾಯಿಸು.” ಮಹಡಿಗೆ ನೀರು ಏರುತ್ತಿರಲಿಲ್ಲ. ಅಕ್ಕ ಕೆಳಗಿನ ನಲ್ಲಿಯಿಂದ ಹೊತ್ತು ತರಬೇಕು. ಹಳೇ ನೀರನ್ನೆಲ್ಲ ಬಸಿದು, ಗಾಜು ತಿಕ್ಕಿ, ಕಲ್ಲು ತೊಳೆದು, ಹೊಸ ನೀರು ತುಂಬುವಳು. ಕೆಲವೊಮ್ಮೆ ಮಾರನೇ ದಿನ ಒಂದು ಮೀನು ಹೊಟ್ಟೆ ಮೇಲು ಮಾಡಿ ತೇಲುವುದು. “ನೋಡಿದ್ಯಾ, ಹೊಲಸು ನೀರಿಗೆ ಸತ್ತಿತು” ಎನ್ನುವರು ಭಾವ. ಮತ್ತೆ ಬಕೆಟ್.

ಅದೇ ಬೀದಿಯ ಕೊನೆಯಲ್ಲಿ ನನ್ನದು ಪಂಕ್ಚರ್ ಅಂಗಡಿ. ಒಂದು ದಿನ ಅಕ್ಕ ಬಂದು ಕೂತು, ಚಹಾದ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡಳು. ಬಲಗೈ ಮೇಲೇಳುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ಸಾಕುಮೀನು ಮಾರುವ ಅಂಗಡಿಗೆ ಹೋದೆ.

“ದಿನಾ ಪೂರ್ತಿ ಬದಲಾಯಿಸಿದ್ರೆ ಸಾಯದೆ ಏನಾಗತ್ತೆ?” ಎಂದ ಅಂಗಡಿಯವನು. “ವಾರಕ್ಕೊಂದ್ಸಲ, ಕಾಲು ಭಾಗ ತೆಗೀರಿ. ಅಷ್ಟೇ ಹೊಸದು ಹಾಕಿ, ಅದೂ ಹಿಂದಿನ ದಿನ ಹಿಡಿದಿಟ್ಟದ್ದು. ಹಳೇ ನೀರು ಅದಕ್ಕೆ ಮನೆ ಇದ್ದ ಹಾಗೆ. ದಿನಾ ಮನೆ ಬದಲಾಯಿಸಿ ನೀವು ಬದುಕ್ತೀರಾ?”

ವಾಪಸು ಬಂದಾಗ ಅಕ್ಕ ಮೆಟ್ಟಿಲ ಮೇಲೆ ಬಕೆಟ್ ಇಟ್ಟುಕೊಂಡು ಕೂತಿದ್ದಳು. ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ನೀರು ಚೆನ್ನಾಗೇ ಇದೆ ಕಣೋ. ನಂಗೇನು ಕಾಣಲ್ವಾ?”

“ಮತ್ತೆ ಯಾವ ಸುಖಕ್ಕೆ ಹೊರ್ತೀಯ?”

“ಮಸುಕು ನೀರಲ್ಲಿಲ್ಲ ಅಂದ್ರೆ ಎಲ್ಲಿದೆ ಅಂತ ಕೇಳ್ತಾರೆ. ಏನು ಹೇಳ್ಲಿ? ಸೂಜಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಡೋಳು ನಾನು. ಅದ್ಯಾಕೆ ಅಂತ ಅವರಿಗೆ ಹೊಳೆದಿಲ್ಲ. ಕಣ್ಣು ಹೋಗ್ತಿದೆ ಅಂತ ಗೊತ್ತಾದ ದಿನ ಅವರಪ್ಪ ಗೋಡೆ ಕಡೆ ತಿರುಗಿ ಮಲಗಿದವರು ಏಳಲಿಲ್ಲ. ಇವರೂ ಮೆಷಿನ್ ಬಿಟ್ಟು ಎದ್ರೆ ಮುಗೀತು.”

ನನ್ನ ಬಾಯಿ ನನ್ನ ಕೈಲಿಲ್ಲ ಎಂದು ಅವಳಿಗೆ ಗೊತ್ತು. “ನೀನು ಸುಮ್ನಿರ್ಬೇಕು” ಎಂದಳು. ನಾನು ಸುಮ್ಮನಿರಲಿಲ್ಲ. ಒಳಗೆ ಹೋಗಿ ಒಂದು ಗಾಜಿನ ಲೋಟದಲ್ಲಿ ತೊಟ್ಟಿಯ ನೀರು, ಇನ್ನೊಂದರಲ್ಲಿ ಕುಡಿಯುವ ನೀರು ತುಂಬಿ ಮೆಷಿನ್ ಮೇಲೆ ಕುಕ್ಕಿದೆ.

“ಯಾವುದು ಹೊಲಸು ಹೇಳಿ ಭಾವ.”

“ಏನೋ ನಿಂದು ಕೆಲಸವಿಲ್ಲದ ಪರೀಕ್ಷೆ” ಎನ್ನುತ್ತಾ ಅವರು ಒಂದನ್ನು ಬೆಳಕಿಗೆ ಹಿಡಿದರು. ಇನ್ನೊಂದನ್ನು ಹಿಡಿದರು. “ಎರಡೂ ಮಸುಕೇ” ಎಂದರು. ಆಮೇಲೆ ಆ ಮಾತು ಅವರಿಗೇ ಕೇಳಿಸಿತೇನೋ. ಲೋಟ ಇಡಲು ಮೇಜಿನ ಅಂಚನ್ನು ಬೆರಳಿನಿಂದ ತಡಕಿದರು. ಬಾಗಿಲಲ್ಲಿದ್ದ ಅಕ್ಕ ನನ್ನನ್ನು ನುಂಗುವಂತೆ ನೋಡಿದಳು.

ಅವಳು ಹೆದರಿದಂತೆಯೇ ಭಾವ ಹಾಸಿಗೆ ಹಿಡಿದರು. ಊಟ ಬೇಡ, ಮಾತು ಬೇಡ. ನಾನು ಬೈದು, ಅಕ್ಕ ಅತ್ತು, ಹೇಗೋ ಎಬ್ಬಿಸಿ ಆಸ್ಪತ್ರೆಗೆ ಸಾಗಿಸಿದೆವು. ಪುಣ್ಯಕ್ಕೆ ಬರೀ ಪೊರೆ. ತೆಗೆಸಿದ ಮೇಲೆ ಸೂಜಿಯ ಕಣ್ಣು ಕಂಡಿತು, ಉಳಿದಿದ್ದ ಒಂದೇ ಮೀನೂ ಕಂಡಿತು. ಈಗ ಬಂದ ಗಿರಾಕಿಗೆಲ್ಲ, “ಮೀನಿನ ನೀರನ್ನ ವಾರಕ್ಕೊಮ್ಮೆ ಕಾಲು ಭಾಗ ಬದಲಾಯಿಸ್ಬೇಕು, ಜಾಸ್ತಿ ಮಾಡ್ಬಾರ್ದು” ಎಂದು ತಾವೇ ಕಂಡುಹಿಡಿದವರ ಹಾಗೆ ಪಾಠ ಹೇಳುತ್ತಾರೆ.

ಅಕ್ಕನ ಭುಜ ಮಾತ್ರ ಸರಿಹೋಗಲಿಲ್ಲ. ತಲೆ ಬಾಚಲು ಅವಳು ಬಗ್ಗಿ ಮಂಡಿಗೆ ಮೊಣಕೈ ಊರಬೇಕು. ಮೊನ್ನೆ ಹಾಗೆ ಬಾಚುತ್ತಿದ್ದಾಗ ನಾನು ತಡೆಯಲಾರದೆ ಭಾವನ ಮುಂದೆ ಹೋಗಿ ನಿಂತೆ.

“ಊರವರ ತೋಳಿಗೆಲ್ಲ ಅಳತೆ ಹಿಡೀತೀರಿ. ಈ ತೋಳಿಗೆ ನೀವು ಕೊಡಬೇಕಾದದ್ದು ಏನೂ ಇಲ್ವಾ?”

ಭಾವ ಮೆಷಿನ್ ನಿಲ್ಲಿಸಿ ಅಕ್ಕನ ಕಡೆ ನೋಡಿದರು. ಬಾಯಿ ತೆರೆದರು.

“ಅವರ ಬೆಳಕಿಗೆ ಅಡ್ಡ ನಿಂತಿದೀಯ ಕಣೋ, ಈ ಕಡೆ ಬಾ” ಎಂದಳು ಅಕ್ಕ.

ನಾನು ಸರಿದೆ. ಮೆಷಿನ್ ಮತ್ತೆ ಓಡತೊಡಗಿತು.